ಹಾಸನ, ಚಿಕ್ಕಮಗಳೂರಿನ ಕಾಂಟೆಸ್ಸಾಗೆ ಆನ್‌ಲೈನ್ ಹರಾಜು: ಕಮಿಷನ್‌ಗೆ ತಕ್ಕ ಕೆಲಸ ಆಗುತ್ತದೆಯೇ?

ಹಳೆ ಕಾಂಟೆಸ್ಸಾ ಕಾರು ಮಾರಬೇಕೆಂದರೆ ಊರಿನ ಬ್ರೋಕರ್ ಇದ್ದಾರೆ, ಬೆಂಗಳೂರಿನ ಡೀಲರ್ ಇದ್ದಾರೆ. ಈಗ ಮನೆಗೇ ಬಂದು ಗಾಡಿ ನೋಡಿ, ಫೋಟೊ ತೆಗೆದು ಆನ್‌ಲೈನ್ ಹರಾಜಿಗಿಡುವ ಸೇವೆಗಳೂ ಇವೆ. ಆರ್‌ಸಿ ಚಾಲ್ತಿಯಲ್ಲಿದ್ದು ಗಾಡಿಯ ತಳ ಗಟ್ಟಿಯಿದ್ದರೆ ಹರಾಜೇ ಒಳ್ಳೆಯದು. ಎರಡರಲ್ಲಿ ಒಂದು ಇಲ್ಲದಿದ್ದರೂ ಕೊಟ್ಟ ಕಮಿಷನ್ ದಂಡ.

ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ಬ್ರಿಟನ್ನಿನ ಕಾರಾದ ವಾಕ್ಸ್‌ಹಾಲ್ ವಿಎಕ್ಸ್‌ನ ಬಾಡಿಯೊಳಗೆ ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಕೂರಿಸಿ ಈ ಕಾರನ್ನು ಹೊರತಂದಿತು. ಉದ್ದನೆ ಬಾನೆಟ್ ನೋಡಿ ಜನ ಮಸಲ್ ಕಾರ್ ಅಂದರು, ಆದರೆ ಆ ಎಂಜಿನ್‌ಗೆ ಅಷ್ಟು ದಮ್ಮಿರಲಿಲ್ಲ. ಆಮೇಲೆ ಬಂದ 1.8 ಲೀಟರ್ ಇಸುಜು ಪೆಟ್ರೋಲ್ ಎಂಜಿನ್, ಐದು ಗೇರಿನ ಗಾಡಿಗೇ ಇವತ್ತು ಸಂಗ್ರಾಹಕರ ಆಸೆ. ಪೆಟ್ರೋಲ್ ಖರ್ಚಿಗೆ ಹೆದರಿ ಇಂಥ ಗಾಡಿಗಳಿಗೆ ಡೀಸೆಲ್ ಎಂಜಿನ್ ಹಾಕಿಸಿದವರು ಬಹಳ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿರಬೇಕು. ಆರ್‌ಸಿಯಲ್ಲಿ ಒಂದು ಎಂಜಿನ್ ನಂಬರ್, ಬ್ಲಾಕಿನ ಮೇಲೆ ಇನ್ನೊಂದು ಇದ್ದರೆ ಬಣ್ಣ ಎಷ್ಟೇ ಹೊಳೆಯಲಿ, ತಿಳಿದವರು ಬಿಡ್ ಹಾಕುವುದಿಲ್ಲ.

ಸೇವೆಯ ಯೋಗ್ಯತೆ ತಿಳಿಯುವುದು ತಪಾಸಣೆಯ ದಿನ. ಒಳ್ಳೆಯ ಇನ್‌ಸ್ಪೆಕ್ಟರ್ ಮೊದಲು ಬಾನೆಟ್ ಎತ್ತಿ, ಚಾಸಿ ನಂಬರಿನ ಮೇಲಿನ ಗ್ರೀಸು ಒರೆಸಿ ಪೆನ್ಸಿಲ್ ಪ್ರಿಂಟ್ ತೆಗೆದು, ಒಂದೊಂದು ಅಂಕಿಯನ್ನೂ ಆರ್‌ಸಿ ಪಕ್ಕ ಹಿಡಿದು ನೋಡುತ್ತಾನೆ. ಆಮೇಲೆ ಬಣ್ಣದ ದಪ್ಪ ಅಳೆಯುವ ಪೇಂಟ್ ಮೀಟರ್. ಕಂಪನಿ ಬಣ್ಣ ಸುಮಾರು 100ರಿಂದ 150 ಮೈಕ್ರಾನ್ ಇರುತ್ತದೆ. ಸಾವಿರ ದಾಟಿದರೆ ಅಡಿಯಲ್ಲಿ ಪುಟ್ಟಿ ಇದೆ ಎಂದೇ ಲೆಕ್ಕ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಬೇಕು. ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ವಾಲ್ವ್ ಅಥವಾ ರಿಂಗ್ ಕೆಲಸ ಬಾಕಿಯಿದೆ ಎಂದರ್ಥ.

ನಮ್ಮ ಕಡೆ ಗಾಡಿ ತಿನ್ನುವುದು ತೇವ. ಕಾಂಟೆಸ್ಸಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಹಾಗಾಗಿ ತುಕ್ಕು ಇಲ್ಲಿ ಬರೀ ಅಂದದ ಪ್ರಶ್ನೆಯಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಶೆಡ್ಡುಗಳಲ್ಲಿ ಮಳೆಗಾಲ ಕಳೆದ ಗಾಡಿಯ ಕಾರ್ಪೆಟ್ ಎತ್ತಿದರೆ, ಕೆಳಗಿನ ಫೆಲ್ಟ್ ಹಿಂಡಿದರೆ ನೀರು ಬರುವಷ್ಟು ಒದ್ದೆಯಿರಬಹುದು. ಅದರಡಿಯ ತಗಡನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಅಂದರೆ ಸರಿ. ಮಂಕಾಗಿ ಸದ್ದು ಬಂದು ಪೊರೆ ಉದುರಿದರೆ ಮೊದಲು ಟಿಂಕರಿಂಗ್, ಆಮೇಲೆ ಹರಾಜು. ವಿಂಡ್‌ಸ್ಕ್ರೀನ್ ಬೀಡಿಂಗಿನ ಕೆಳಮೂಲೆ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಜಾಕ್ ಕೊಡುವ ಜಾಗ, ಬಾಗಿಲಿನ ಅಡಿಯಂಚು ಇವನ್ನೂ ಬಿಡಬಾರದು. ತಳದ ಫೋಟೊ ತೆಗೆಯದೆ ಹೊರಡುವ ಸೇವೆಗೆ ಗಾಡಿ ಕೊಡಲೇಬೇಡಿ. ಆಮೇಲೆ ಕೊಂಡವನು ಲಿಫ್ಟಿಗೆ ಹಾಕಿ ನೋಡಿ ದುಡ್ಡು ಕಡಿತ ಮಾಡಲು ಕೂತಾಗ ನಿಮ್ಮ ಪರ ಮಾತಾಡಲು ಯಾವ ಸಾಕ್ಷಿಯೂ ಇರುವುದಿಲ್ಲ.

ಫೋಟೊದಲ್ಲಿ ಈ ಸೇವೆಗಳಿಗೆ ಒಂದು ಚಟ: ಮಂಜು, ತೋಟ, ಒದ್ದೆ ರಸ್ತೆ. ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಒದ್ದೆ ಬಾಡಿಯಲ್ಲಿ ಬಣ್ಣದ ಅಲೆ, ಗೀರು ಮುಚ್ಚಿಹೋಗುತ್ತವೆ, ಅದಕ್ಕೇ ಅನುಭವಿಗಳು ಅಂಥ ಫೋಟೊ ನಂಬುವುದಿಲ್ಲ. ಕಾಫಿ ಒಣಗಿಸುವ ಸಿಮೆಂಟ್ ಕಣಕ್ಕಿಂತ ಒಳ್ಳೆ ಜಾಗ ಇಲ್ಲ: ಸಮತಟ್ಟು, ನೆರಳಿಲ್ಲ, ನಾಲ್ಕೂ ಕಡೆಯಿಂದ ತೆಗೆಯಬಹುದು. ಕೊಯ್ಲು ಶುರುವಾದರೆ ಕಣ ಸಿಗದು, ಹಾಗಾಗಿ ಮಳೆ ನಿಂತ ಕೂಡಲೇ ಮುಗಿಸಿಕೊಳ್ಳಿ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ವಿಡಿಯೊ, ಸೈಲೆನ್ಸರ್ ಕಾಣುವಂತೆ, ಕತ್ತರಿಸದೆ ಹಾಕಿಸಿ. ನೀಲಿ ಹೊಗೆ ಬಂದರೆ ಬರಲಿ, ಅದನ್ನೂ ತೋರಿಸಿ.

ಕಾಗದಪತ್ರದಲ್ಲಿ ಈ ಸೇವೆಗಳು ಸೋಲುತ್ತವೆ. 2021ರ ವಿಂಟೇಜ್ ನೋಂದಣಿ ನಿಯಮ 50 ವರ್ಷ ದಾಟಿದ ವಾಹನಕ್ಕೆ ಮಾತ್ರ. ಕಾಂಟೆಸ್ಸಾಗೆ ಅದು 2034ಕ್ಕೆ ಮೊದಲು ಸಿಗುವುದಿಲ್ಲ. ಆದ್ದರಿಂದ ಫಾರಂ 25 ಕೊಟ್ಟು, ಆರ್‌ಟಿಒದಲ್ಲಿ ಗಾಡಿ ತೋರಿಸಿ, ಆರ್‌ಸಿಗೆ ಐದು ವರ್ಷದ ನವೀಕರಣ ಮಾಡಿಸಿಯೇ ಹರಾಜಿಗೆ ಬನ್ನಿ. ಆರ್‌ಸಿ ಇನ್ನೂ ತೀರಿಕೊಂಡ ತಂದೆಯವರ ಅಥವಾ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ಅಣ್ಣತಮ್ಮಂದಿರ, ಅಕ್ಕತಂಗಿಯರ ಒಪ್ಪಿಗೆ ಬಿಡ್ ಮುಗಿದ ಮೇಲೆ ಕೇಳುವ ವಿಷಯವಲ್ಲ.

ಲೆಕ್ಕ ಹೀಗೆ ಹಾಕಿ. ಕೂಗು 8 ಲಕ್ಷಕ್ಕೆ ನಿಂತು, ಮಾರುವವರ ಕಮಿಷನ್ ಶೇ. 5 ಎಂದಾದರೆ 40,000, ಅದರ ಮೇಲೆ ಶೇ. 18 ಜಿಎಸ್‌ಟಿ 7,200. ಕೈಗೆ 7,52,800. ಕೊಳ್ಳುವವರಿಂದಲೂ ಪ್ರೀಮಿಯಂ, ಅಂದರೆ ಬೆಲೆಯ ಮೇಲಿನ ಶುಲ್ಕ, ವಸೂಲಿಯಿದ್ದರೆ ಅವರು ಅದನ್ನು ಮನಸ್ಸಲ್ಲೇ ಕಳೆದು ಬಿಡ್ ಹಾಕುತ್ತಾರೆ. ಹಾಗಾಗಿ ಎರಡೂ ಕಡೆಯ ದರ ಕೇಳಿಕೊಳ್ಳಿ. ರಿಸರ್ವ್ ಬೆಲೆ, ಅಂದರೆ ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂಬ ಬೆಲೆ, ಬರಹದಲ್ಲಿರಲಿ. ಅದು ಮುಟ್ಟದೆ ಗಾಡಿ ವಾಪಸಾದರೆ ಲಿಸ್ಟಿಂಗ್ ಶುಲ್ಕ, ಬೆಂಗಳೂರಿನ ಯಾರ್ಡ್‌ವರೆಗಿನ ಟ್ರಕ್ ಬಾಡಿಗೆ ಯಾರ ತಲೆಗೆ ಎಂಬುದೂ ಅದೇ ಕಾಗದದಲ್ಲಿರಬೇಕು. ರಿಸರ್ವ್ ಇಲ್ಲದೆ ಇಡಿ ಎಂಬ ಒತ್ತಾಯಕ್ಕೆ, ಒಂದೇ ಗಾಡಿ ಇಟ್ಟುಕೊಂಡವರು ಮಣಿಯಬೇಕಾಗಿಲ್ಲ.

ಹಣ ಖಾತೆಗೆ ಬೀಳುವವರೆಗೆ ಕೀಲಿ ಬಿಡಬೇಡಿ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕುವಾಗ ಕೊಳ್ಳುವವರ ಹೆಸರು, ತಾರೀಖು ತುಂಬಿಯೇ ಹಾಕಿ. ಹೊರರಾಜ್ಯಕ್ಕಾದರೆ ಫಾರಂ 28ರ ಎನ್‌ಒಸಿ ಬೇಕು. ವರ್ಗಾವಣೆ ಆಗದೆ ಗಾಡಿ ಅಪಘಾತಕ್ಕೀಡಾದರೆ ಆರ್‌ಸಿಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ರಾಜ್ಯದೊಳಗಿನ ಮಾರಾಟವಾದರೆ ನೀವೇ 14 ದಿನದೊಳಗೆ ನಿಮ್ಮ ಆರ್‌ಟಿಒಗೆ ತಿಳಿಸಿ, ಸ್ವೀಕೃತಿ ಪಡೆದು ಫೈಲಿನಲ್ಲಿಡಿ. ಸೇವೆಯವರ ಏಜೆಂಟ್ ನೋಡಿಕೊಳ್ಳುತ್ತಾನೆ ಎಂದು ಬಿಡುವ ಕೆಲಸ ಇದಲ್ಲ.