ಹಳೇ ಗುವಾಶ್ ಚಿತ್ರಕ್ಕೆ ಶಿವಮೊಗ್ಗದಲ್ಲಿ ಫ್ರೇಮ್ ಹಾಕ್ಸಿದ್ದು: 5ಕ್ಕೆ ಮೂರೂವರೆ ಸ್ಟಾರ್

ಕೊಪ್ಪದ ಹತ್ರ ಒಂದು ಹಳೇ ಎಸ್ಟೇಟ್ ಬಂಗ್ಲೆ ಸಾಮಾನು ಮಾರ್ತಿದ್ರು, ಬೆತ್ತದ ಕುರ್ಚಿ ತರ್ತೀನಿ ಅಂತ ಹೋದವ್ನು ಒಂದು ಸಣ್ಣ ಪೇಂಟಿಂಗ್ ಹಿಡ್ಕೊಂಡ್ ಬಂದೆ, ಮನೇಲಿ ಬೈಸ್ಕೊಂಡಿದ್ದೂ ಆಯ್ತು. ಇಟಲಿಯ ನೇಪಲ್ಸ್ ಊರು, ಮುಂದೆ ಸಮುದ್ರ, ಹಿಂದೆ ರಾತ್ರಿ ಹೊತ್ತಲ್ಲಿ ಬೆಂಕಿ ಕಾರ್ತಿರೋ ವೆಸುವಿಯಸ್ ಜ್ವಾಲಾಮುಖಿ, ಸುತ್ತ ಕಪ್ಪು ಪಟ್ಟಿ, ಕೆಳಗೆ ಇಸವಿ 1822. ಕ್ಯಾಮೆರಾ ಇಲ್ದಿರೋ ಕಾಲದಲ್ಲಿ ಯುರೋಪ್ ಸುತ್ತೋಕೆ ಬರ್ತಿದ್ದ ದುಡ್ಡಿರೋ ಇಂಗ್ಲಿಷ್ ಹುಡುಗ್ರು ನೆನಪಿಗೆ ಅಂತ ಇಂಥವನ್ನ ಕೊಳ್ತಿದ್ರು, ಇದೇ ಜ್ವಾಲಾಮುಖಿಯ ಬೂದಿಯಲ್ಲಿ ಹೂತೋಗಿದ್ದ ಪಾಂಪೆ ಅನ್ನೋ ಹಳೇ ಊರನ್ನ 1748ರಲ್ಲಿ ಅಗೆಯೋಕೆ ಶುರುವಾದ್ಮೇಲಂತೂ ಆ ಕಡೆ ಹೋಗೋರು ಇನ್ನೂ ಜಾಸ್ತಿಯಾದ್ರು. ಒಂದೇ ದೃಶ್ಯಾನ ಮತ್ತೆ ಮತ್ತೆ ಬರೆದು ಮಾರೋರು, ಎಷ್ಟೋ ಸಲ ಜೋಡಿಯಾಗಿ, ಹಗಲಿನ ತಣ್ಣನೆ ಸಮುದ್ರ ಒಂದು, ರಾತ್ರಿ ಬೆಂಕಿ ಒಂದು. ನಂಗೆ ಸಿಕ್ಕಿದ್ದು ಬೆಂಕಿ. ಜೋಗದಲ್ಲಿ ಫೋಟೋ ತೆಗೆದು ಅಲ್ಲೇ ಪ್ರಿಂಟ್ ಕೊಡ್ತಾರಲ್ಲ, ಅದೇ ಧಂದೆ, ಕೈ ಮಾತ್ರ ಬೇರೆ ಮಟ್ಟದ್ದು.

ಆಷಾಢದ ಮಳೇಲಿ ಹಿಂದಿನ ರಟ್ಟಿಗೆ ಬೂಷ್ಟು ಹಿಡೀತು ಅಂತ ಪೇಟೆಲಿರೋ ಒಂದು ಫ್ರೇಮ್ ಅಂಗಡಿಗೆ ಒಯ್ದೆ (ಹೆಸ್ರು ಬೇಡ ಬಿಡಿ). ಯಜಮಾನ್ರು ನೋಡಿದ್ದೇ "ಇದೇನ್ ಸಾರ್, ಕೊಡಚಾದ್ರಿಗೆ ಬೆಂಕಿ ಬಿದ್ದಂಗಿದೆ" ಅಂದ್ರು, ಅಲ್ಲಿಗೇ ನಂಗೆ ಇಷ್ಟ ಆಗೋದ್ರು. ಆದ್ರೆ ನಾನು ಫೋನಲ್ಲಿ ಮಾತಾಡಿ ತಿರುಗೋದ್ರೊಳಗೆ ಅವ್ರ ಹುಡ್ಗ ಒದ್ದೆ ಬಟ್ಟೆ ತಗೊಂಡು ಮೂಲೆ ಒರೆಸ್ಬಿಟ್ಟಿದ್ದ! ಗುವಾಶ್ ಅಂದ್ರೆ ಹೆಚ್ಚುಕಮ್ಮಿ ನಮ್ಮ ಪೋಸ್ಟರ್ ಕಲರ್ ಥರ, ಗೋಂದಲ್ಲಿ ಕಲಸಿದ ದಪ್ಪ ಬಣ್ಣ, ಎಷ್ಟೇ ಹಳೇದಾದ್ರೂ ನೀರು ತಾಗಿದ್ರೆ ಬಿಟ್ಕೊಳ್ಳುತ್ತೆ. ದಡದಲ್ಲಿ ಬಲೆ ಎಳೀತಿದ್ದ ಇಬ್ರು ಬೆಸ್ತರಲ್ಲಿ ಒಬ್ಬನ ಕೆಂಪು ಟೋಪಿ ಈಗ ಬಟ್ಟೇಲಿದೆ, ಅವನ ತಲೆ ಇರೋ ಕಡೆ ಬರೀ ಕಂದು ಕಲೆ.

ಯಜಮಾನ್ರು ಆ ಹುಡುಗನ್ನ ಬೈದ ಬೈಗುಳ ಇಲ್ಲಿ ಬರೆಯೋಕಾಗಲ್ಲ. ಆಮೇಲೆ ಮಾಡಿದ ಕೆಲ್ಸ ಮಾತ್ರ ನೀಟು: ಗಾಜು ಬಣ್ಣಕ್ಕೆ ತಾಗದ ಹಾಗೆ ದಪ್ಪ ಮೌಂಟ್ (ಚಿತ್ರದ ಸುತ್ತ ಕೂರಿಸೋ ರಟ್ಟಿನ ಅಂಚು), ಹಿಂದೆ ಮಾಮೂಲಿ ರಟ್ಟಿನ ಬದ್ಲು ಆಸಿಡ್ ಇಲ್ಲದ ಬೋರ್ಡು (ಬೆಂಗಳೂರಿಂದ ತರಿಸಿದ್ರು, ಹತ್ತು ದಿನ ಕಾಯ್ಸಿದ್ರು), ಗೋಡೆಗೆ ಒತ್ತದಿರೋ ಹಾಗೆ ಹಿಂದೆ ಎರಡು ಕಾರ್ಕ್ ತುಂಡು. 1,850 ಅಂದವ್ರು ಟೋಪಿ ಲೆಕ್ಕಕ್ಕೆ 300 ಬಿಟ್ರು. ಭಾನುವಾರ ರಜೆ, ಕಾರ್ ನಿಲ್ಸೋಕೆ ಜಾಗ ಇಲ್ಲ, ಬೈಕಲ್ಲೇ ಹೋಗಿ.