ಹೆದ್ದಾರಿಗಾಗಿ ಸರಿಸಿದ ನೀರಿನ ಲೈನು: ಸಿರಸಿಯ ಒಂದು ಕೆಲಸದ ವಿಮರ್ಶೆ

ಸಿರಸಿ ಪೇಟೆಯಂಚಿನಲ್ಲಿ ರಾಜ್ಯ ಹೆದ್ದಾರಿ ಅಗಲ ಮಾಡುವಾಗ ಡಾಂಬರಿನಡಿಗೆ ಸಿಕ್ಕಿಕೊಳ್ಳಲಿದ್ದ 200 ಮಿ.ಮೀ. ಕುಡಿಯುವ ನೀರಿನ ಲೈನನ್ನು ರಸ್ತೆಯಂಚಿಗೆ ಸರಿಸಿದ ಕೆಲಸದ ವಿಮರ್ಶೆ ಇದು. ಗುತ್ತಿಗೆದಾರರ ಹೆಸರು ಇಲ್ಲಿ ಬೇಡ, ಇದೇ ತಪ್ಪುಗಳನ್ನು ಬೇರೆಯವರೂ ಮಾಡುತ್ತಾರೆ. ಒಟ್ಟಾರೆ ಐದಕ್ಕೆ ಮೂರು ಅಂಕ. ಪೈಪಿಗಷ್ಟೇ ಆದರೆ ಐದಕ್ಕೆ ಐದು ಕೊಡಬಹುದು. ಹಳೆ ಲೈನಿಗೆ ಕೂಡಿಸಿದ ರೀತಿಗೆ ಎರಡು. ಮನೆ ಸಂಪರ್ಕಗಳಿಗೂ ಎರಡೇ, ಅದೂ ಧಾರಾಳವಾಗಿ.

ಪೈಪ್ ಸ್ಥಳಾಂತರವೆಂದರೆ ಹೊಸ ಪೈಪು ಹೂಳುವುದು ಎಂದು ಅಂದಾಜುಪಟ್ಟಿ ಬರೆಯುವವರೂ ತಿಳಿದಂತಿದೆ. ಹೊಸ ಪೈಪು ಕೈಕೊಡುವುದು ಅಪರೂಪ. ಕೈಕೊಡುವುದು ಹೊಸದು ಹಳೆಯದಕ್ಕೆ ಸೇರುವ ನಾಲ್ಕಡಿ ಜಾಗ, ಲೈನು ತಿರುಗುವ ಬೆಂಡು, ಮನೆಗೆ ಹೋಗುವ ಅರ್ಧ ಇಂಚಿನ ಕವಲು. ಸಿರಸಿಗೆ ನೀರು ಕೆಂಗ್ರೆ ಮತ್ತು ಮಾರಿಗದ್ದೆಯಿಂದ ಪಂಪಿನಲ್ಲಿ ಎತ್ತಿ ತಂದದ್ದು. ಇಲ್ಲಿ ಸೋರುವ ಪ್ರತಿ ಕೊಡಕ್ಕೂ ಕರೆಂಟು ಬಿಲ್ಲು ಆಗಲೇ ಬಿದ್ದಿರುತ್ತದೆ.

ಮೊದಲು ಒಳ್ಳೆಯದನ್ನು ಹೇಳೋಣ. ಹಾಕಿದ್ದು ಐಎಸ್ 8329 (ಭಾರತೀಯ ಮಾನಕ) ಮುದ್ರೆಯ ಡಿಐ, ಅಂದರೆ ಡಕ್ಟೈಲ್ ಐರನ್ ಪೈಪು, ಗೋಡೆಯ ದಪ್ಪದಲ್ಲಿ ಕೆ-7 ದರ್ಜೆ, ಒಳಗೆ ಸಿಮೆಂಟ್ ಲೈನಿಂಗ್, ಹೊರಗೆ ಸತುವಿನ ಮೇಲೆ ಬಿಟುಮಿನ್ ಲೇಪ. ಗುಂಡಿಯ ತಳದ ಚಿರೆಕಲ್ಲಿನ ಮೊನೆ ಪೈಪಿಗೆ ತಾಗದಂತೆ 10 ಸೆಂ.ಮೀ. ಮರಳು ಹಾಸಿದ್ದಾರೆ. ಪೈಪಿನ ನೆತ್ತಿಯಿಂದ ನೆಲಕ್ಕೆ ಒಂದು ಮೀಟರ್ ಮಣ್ಣೂ ಸಿಕ್ಕಿದೆ. ಒಂದು ಪೈಪು ಇನ್ನೊಂದರೊಳಗೆ ಸೇರುವಲ್ಲಿ ಕೂರುವ ರಬ್ಬರ್ ರಿಂಗಿಗೆ ಹಚ್ಚಿದ್ದು ಸಾಬೂನಿನ ಲೂಬ್ರಿಕೆಂಟ್. ಗ್ರೀಸು, ಎಂಜಿನ್ ಆಯಿಲ್ ಮುಟ್ಟಿಸಿಲ್ಲ. ಎಣ್ಣೆ ತಾಗಿದ ರಬ್ಬರು ಕ್ರಮೇಣ ಉಬ್ಬಿ ಮೆತ್ತಗಾಗುತ್ತದೆ, ಸೋರಿಕೆ ಶುರುವಾಗುವಷ್ಟರಲ್ಲಿ ಗುತ್ತಿಗೆದಾರರ ಹೊಣೆಯ ಅವಧಿ ಮುಗಿದಿರುತ್ತದೆ. ಪೈಪಿನ ತುದಿಯಲ್ಲಿರುವ ಎರಡು ಬಿಳಿ ಗೆರೆಗಳಲ್ಲಿ ಮೊದಲನೆಯದು ಒಳಗೆ ಹೋಗಿ ಎರಡನೆಯದು ಹೊರಗೆ ಕಾಣಬೇಕು. ಮುಚ್ಚದೆ ಬಿಟ್ಟಿದ್ದ ಜಾಯಿಂಟುಗಳಲ್ಲಿ ಅದು ಸರಿಯಾಗಿಯೇ ಇತ್ತು.

ಕತ್ತರಿಸಿದ ತುಂಡುಗಳಲ್ಲಿ ಮಾತ್ರ ಅವಸರ ಕಾಣುತ್ತದೆ. ಕಾರ್ಖಾನೆಯಿಂದ ಬಂದ ತುದಿಗೆ ಇಳಿಜಾರು ಅಂಚಿರುತ್ತದೆ, ಗ್ರೈಂಡರಿನಲ್ಲಿ ಕೊಯ್ದ ತುದಿಗೆ ಇರುವುದಿಲ್ಲ. ಅದನ್ನು ಉಜ್ಜಿ ಇಳಿಜಾರು ಮಾಡದೆ ಜೇಸಿಬಿ ಬಕೆಟ್ಟಿನಿಂದ ನೂಕಿದರೆ ಚೂಪಾದ ಅಂಚು ರಿಂಗನ್ನು ಸೀಳುತ್ತದೆ, ಇಲ್ಲವೇ ಅದರ ಕೂರುವ ಜಾಗದಿಂದಲೇ ಹೊರದಬ್ಬುತ್ತದೆ. ಕೊಯ್ದ ಜಾಗಕ್ಕೆ ಲೇಪ ಹಚ್ಚುವ ಡಬ್ಬಿ ಸೈಟಿನಲ್ಲಿ ಇತ್ತು, ಮುಚ್ಚಳ ತೆರೆದಿರಲಿಲ್ಲ.

ಮೋರಿ ದಾಟುವಲ್ಲಿ ಡಿಐ ಬಿಟ್ಟು ಕಪ್ಪು ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಹಾಕಿದ್ದಾರೆ. ತಪ್ಪೇನಲ್ಲ, ಬಾಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಆದರೆ ಹಾಕಿದ್ದು 200 ಮಿ.ಮೀ. ಪೈಪು. ಡಿಐನಲ್ಲಿ 200 ಎಂದರೆ ಹೆಚ್ಚುಕಡಿಮೆ ಒಳ ವ್ಯಾಸ (ಹೊರಗೆ 222 ಇರುತ್ತದೆ), ಎಚ್‌ಡಿಪಿಇಯಲ್ಲಿ 200 ಎಂದರೆ ಹೊರ ವ್ಯಾಸ. ಪಿಇ-100 ಪ್ಲಾಸ್ಟಿಕ್ಕಿನ, ಪಿಎನ್-10 ಅಂದರೆ ಚದರ ಸೆಂ.ಮೀ.ಗೆ 10 ಕೆ.ಜಿ. ಒತ್ತಡ ತಾಳುವ ಪೈಪಿಗೆ ಗೋಡೆಯೇ ಸುಮಾರು 12 ಮಿ.ಮೀ. ಇರುವುದರಿಂದ ನೀರಿಗೆ ಉಳಿಯುವುದು 176. ಅಷ್ಟೇ ಒತ್ತಡದಲ್ಲಿ ಆ ತುಂಡಿನಲ್ಲಿ ಹರಿಯುವ ನೀರು ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಹತ್ತು ಮೀಟರಿನ ಮೋರಿಗೆ ಅದು ದೊಡ್ಡ ವಿಷಯವಲ್ಲ, ಆದರೆ ಇದೇ ಲೆಕ್ಕದಲ್ಲಿ ಅರ್ಧ ಕಿಲೋಮೀಟರ್ ಎಳೆದರೆ ಏರಿನ ಕೊನೆಯ ಮನೆಗಳಿಗೆ ನೀರು ಹತ್ತುವುದಿಲ್ಲ. 225 ಕೇಳಬೇಕಿತ್ತು, ಅದರ ಒಳ ವ್ಯಾಸ 198.

ಎಚ್‌ಡಿಪಿಇ ಬಿಸಿಲಿಗೆ ಉದ್ದವಾಗುತ್ತದೆ. ಮೀಟರಿಗೆ, ಒಂದು ಡಿಗ್ರಿಗೆ, ಸುಮಾರು 0.2 ಮಿ.ಮೀ. ಏಪ್ರಿಲ್ ಮಧ್ಯಾಹ್ನ ಕಾದ ನೂರು ಮೀಟರ್ ಕಪ್ಪು ಪೈಪು ನೀರು ಬಿಟ್ಟಾಗ 20 ಡಿಗ್ರಿ ತಣ್ಣಗಾದರೆ 40 ಸೆಂ.ಮೀ.ವರೆಗೂ ಕುಗ್ಗುತ್ತದೆ, ಬೋಲ್ಟ್ ಬಿಗಿದ ಕಪ್ಲಿಂಗಿನಿಂದ ಜಾರಿ ಹೊರಬರುತ್ತದೆ. ಕೊನೆಯ ಜೋಡಣೆಯನ್ನು ಬೆಳಗಿನ ತಂಪಿನಲ್ಲಿ, ಪೈಪಿನ ನಡುಭಾಗಕ್ಕೆ ಮಣ್ಣು ಹಾಕಿ ಮಾಡುವುದು ಇದಕ್ಕೇ. ಮಳೆಗಾಲದಲ್ಲಿ ತೊಂದರೆ ಬೇರೆ: ಗುಂಡಿ ತುಂಬಿದರೆ ಖಾಲಿ 225 ಪೈಪು ಮೀಟರಿಗೆ 30 ಕೆ.ಜಿ.ಯಷ್ಟು ಬಲದಿಂದ ತೇಲಿ ಏಳುತ್ತದೆ. ಜೂನ್ ಹೊತ್ತಿಗೆ ಮಣ್ಣು ಮುಚ್ಚಿರಬೇಕು, ಇಲ್ಲವೇ ಒಳಗೆ ನೀರು ತುಂಬಿಸಿಡಬೇಕು.

ಇನ್ನು ಕೂಡಿಸಿದ ಜಾಗ. ಹಳೆ ಲೈನಿನ ಒಂದು ತುದಿ ಬೀಡುಕಬ್ಬಿಣ, ಇನ್ನೊಂದು ತುದಿ ಎಸಿ, ಅಂದರೆ ಊರಿನವರ ಸಿಮೆಂಟ್ ಪೈಪು. ಎಸಿ ಪೈಪಿನ ಹೊರ ವ್ಯಾಸ ದರ್ಜೆಗೊಂದು. ಇಂಚಿನ ಕಾಲದ ಬೀಡಿನ ಪೈಪೂ ಈಗಿನ ಅಳತೆಗೆ ಕೂರುವುದಿಲ್ಲ. ಆದ್ದರಿಂದ ಸಾಮಾನು ತರಿಸುವ ಮೊದಲು ಎರಡೂ ತುದಿಯಲ್ಲಿ ಗುಂಡಿ ತೋಡಿ, ಪೈಪನ್ನು ಕಬ್ಬಿಣದ ಬ್ರಷ್ಷಿನಲ್ಲಿ ತಿಕ್ಕಿ, ಸುತ್ತಳತೆಯನ್ನು ಮೂರು ಕಡೆ ಟೇಪಿನಲ್ಲಿ ಹಿಡಿದು 3.14ರಿಂದ ಭಾಗಿಸಬೇಕು. ಅರ್ಧ ದಿನದ ಕೆಲಸ. ಇಲ್ಲಿ ಅದನ್ನು ಮಾಡಿಲ್ಲ. ನೀರು ನಿಲ್ಲಿಸಿ, ಹಳೆ ಪೈಪು ಕೊಯ್ದ ಮೇಲೆ ಎರಡು ಪೈಪು ಕೂಡಿಸುವ ಕಾಲರ್ ಕೂರುವುದಿಲ್ಲವೆಂದು ಗೊತ್ತಾಗಿದೆ. ಆಮೇಲೆ ಸೈಕಲ್ ಟ್ಯೂಬ್ ಸುತ್ತಿ ಬೋಲ್ಟ್ ಬಿಗಿದಿದ್ದಾರೆ. ಎಸಿ ಪೈಪಿಗೆ ಸರಿಯಾದ ಅಳತೆಯ ಸಿಐಡಿ (ಬಿಚ್ಚಿ ಕೂಡಿಸಬಹುದಾದ ಬೀಡುಕಬ್ಬಿಣದ) ಜಾಯಿಂಟ್, ಅಳತೆಯಲ್ಲಿ ಅನುಮಾನವಿದ್ದರೆ ಹೆಚ್ಚು ವ್ಯಾಪ್ತಿಯ ಮೆಕ್ಯಾನಿಕಲ್ ಕಪ್ಲಿಂಗ್, ಎರಡೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆಯಿಂದ ಬಿಗಿದರೆ ಸಿಮೆಂಟ್ ಪೈಪು ಅಲ್ಲೇ ಸೀಳುತ್ತದೆ. ಅದನ್ನು ಒಣಗಿದ್ದಾಗ ಗ್ರೈಂಡರಿನಲ್ಲಿ ಕೊಯ್ಯಲೂಬಾರದು, ಹಾರುವ ಧೂಳು ಕಲ್ನಾರು. ನೀರು ಸುರಿಯುತ್ತ ಕೈಗರಗಸದಲ್ಲಿ ಕೊಯ್ಯಬೇಕು.

ಬೆಂಡುಗಳ ವಿಷಯ ಎಲ್ಲಕ್ಕಿಂತ ಗಂಭೀರ. ಲೈನು ಪಕ್ಕಕ್ಕೆ ಸರಿಯುವಾಗ ಎರಡು, ಮತ್ತೆ ಹಳೆ ದಾರಿಗೆ ಸೇರುವಾಗ ಎರಡು, ಒಟ್ಟು ನಾಲ್ಕು 45 ಡಿಗ್ರಿ ಬೆಂಡು ಬರುತ್ತವೆ. ರಿಂಗಿನೊಳಗೆ ಪೈಪು ನೂಕಿ ಕೂರಿಸುವ ಪುಷ್-ಆನ್ ಜಾಯಿಂಟಿಗೆ ಎಳೆತ ತಡೆಯುವ ಶಕ್ತಿಯಿಲ್ಲ, ರಬ್ಬರ್ ರಿಂಗು ನೀರು ತಡೆಯುತ್ತದೆ ಅಷ್ಟೆ. 10 ಕೆ.ಜಿ. ಒತ್ತಡದಲ್ಲಿ ಪರೀಕ್ಷೆ ಮಾಡುವಾಗ 200 ಮಿ.ಮೀ. ಲೈನಿನ 45 ಡಿಗ್ರಿ ಬೆಂಡಿನ ಮೇಲೆ ಸುಮಾರು 3 ಟನ್ ನೂಕು ಬೀಳುತ್ತದೆ, 90 ಡಿಗ್ರಿಯಾದರೆ 5.5 ಟನ್. ತುದಿ ಮುಚ್ಚಿದ ಬ್ಲ್ಯಾಂಕಿಗೆ 3.9 ಟನ್. ಇದನ್ನು ತಡೆಯುವುದು ಬೆಂಡಿನ ಬೆನ್ನಿಗಿಟ್ಟ ಕಾಂಕ್ರೀಟ್ ಬ್ಲಾಕ್, ಆ ಬ್ಲಾಕನ್ನು ತಡೆಯುವುದು ಅದರ ಹಿಂದಿನ ಅಗೆಯದ ನೆಲ. ಕಾಂಕ್ರೀಟಿನ ತೂಕ ನೋಡಿ ಸಮಾಧಾನಪಡುವವರು ಹಿಂದಿನ ಮಣ್ಣನ್ನು ನೋಡುವುದಿಲ್ಲ.

ಗಟ್ಟಿ ಚಿರೆಕಲ್ಲಿನ ಧರೆಗೆ ಆನಿಸಿದ ಬ್ಲಾಕ್ ಅಲುಗಾಡುವುದಿಲ್ಲ. ರಸ್ತೆ ಅಗಲ ಮಾಡುವಲ್ಲಿ ಹೊರ ಅಂಚೆಂದರೆ ಬಹುಪಾಲು ಮೊನ್ನೆ ಸುರಿದ ಗರಸು. ಮೆತ್ತಗಿನ ಮಣ್ಣು ಚದರ ಮೀಟರಿಗೆ 5 ಟನ್ ತಾಳುತ್ತದೆಂದು ಹಿಡಿದರೂ 3 ಟನ್ನಿಗೆ 0.6 ಚದರ ಮೀಟರ್ ಮುಖ ಬೇಕು. ಇಲ್ಲಿನ ಬ್ಲಾಕಿನ ಮುಖ ಒಂದೂವರೆ ಅಡಿ ಚೌಕ, 0.2 ಚದರ ಮೀಟರ್. ಇನ್ನೂ ಕೆಟ್ಟದ್ದೆಂದರೆ, ಅಂಚಿನ ಬೆಂಡು ನೂಕುವುದು ಚರಂಡಿಯ ಕಡೆಗೆ. ಪೈಪಿನವರು ಕೆಲಸ ಮುಗಿಸಿ ಹೋದ ಮೇಲೆ ಚರಂಡಿಯವರು ಬಂದು ಬ್ಲಾಕಿನ ಬೆನ್ನ ಹಿಂದಿನ ಮಣ್ಣನ್ನೇ ತೋಡುತ್ತಾರೆ. ಲೈನಿನಲ್ಲಿ ಒತ್ತಡವಿರುವಾಗ ಹಾಗೆ ತೋಡಿದರೆ ಬೆಂಡು ಕಳಚಿ ಬೀಳುವುದು ಖಂಡಿತ. ಚರಂಡಿ ಮೊದಲು, ಬ್ಲಾಕ್ ನಂತರ. ಅದು ಆಗದಿದ್ದರೆ ಬೆಂಡುಗಳಿಗೆ ಎಳೆತ ತಡೆಯುವ ಲಾಕ್ ಜಾಯಿಂಟ್ ಹಾಕಬೇಕು. ದುಬಾರಿ ನಿಜ, ಆದರೆ ಬೇಕಾಗುವುದು ಬೆಂಡಿನ ಅಕ್ಕಪಕ್ಕದ ಕೆಲವೇ ಪೈಪುಗಳಿಗೆ.

ಮನೆ ಸಂಪರ್ಕಗಳಲ್ಲಿ ಸ್ಯಾಡಲ್ (ಮುಖ್ಯ ಪೈಪನ್ನು ತಬ್ಬುವ ಪಟ್ಟಿ), ಫೆರೂಲ್ (ಅದರಿಂದ ಕವಲು ತೆಗೆಯುವ ನಳಿಕೆ) ಹೊಸವು, ಪೈಪು ನೀಲಿ ಪ್ಲಾಸ್ಟಿಕ್ಕಿನ 20 ಮಿ.ಮೀ. ಎಂಡಿಪಿಇ. ಸಾಮಾನು ಚೆನ್ನಾಗಿದೆ. ಆದರೆ ನೀಲಿ ಪೈಪನ್ನು ಫೆರೂಲಿನಿಂದ ನೇರವಾಗಿ, ಬಿಗಿಯಾಗಿ ಎಳೆದಿದ್ದಾರೆ. ಮೊದಲ ಮಳೆಗೆ ಮಣ್ಣು ನಾಲ್ಕು ಬೆರಳು ಕುಸಿದರೂ ಫೆರೂಲಿನ ಕತ್ತು ಮುರಿಯುತ್ತದೆ. ಸ್ವಲ್ಪ ಸಡಿಲ ಬಿಟ್ಟು, ಹಾವಿನಂತೆ ಹಾಸಬೇಕಿತ್ತು. ಕೆಲವು ಸಂಪರ್ಕಗಳು ಚರಂಡಿಯ ಒಳಗಿಂದಲೇ ಹಾದಿವೆ. ದಿನದಲ್ಲಿ ಕೆಲ ಹೊತ್ತು ಮಾತ್ರ ಒತ್ತಡವಿರುವ ಲೈನಿನಲ್ಲಿ ಇದು ನೇರವಾಗಿ ಆರೋಗ್ಯದ ಪ್ರಶ್ನೆ: ನೀರು ನಿಂತು ಲೈನು ಇಳಿಯುವಾಗ ಪೈಪು ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ, ಸಡಿಲ ಜಾಯಿಂಟು ಕೊಚ್ಚೆಯಲ್ಲಿ ಮುಳುಗಿದ್ದರೆ ಮರುದಿನದ ಮೊದಲ ಕೊಡ ಕೊಚ್ಚೆಯದೇ. ಚರಂಡಿಯ ತಳದ ಕೆಳಗೆ, ಜಾಯಿಂಟಿಲ್ಲದ ಒಂದೇ ತುಂಡಾಗಿ, ಹೊರಗೊಂದು ಕವಚದ ಪೈಪಿನೊಳಗೆ ದಾಟಿಸಬೇಕು.

ರಸ್ತೆಯ ಆಚೆ ಬದಿಯ ಮನೆಗಳಿಗೆ ಕವಚದ ಪೈಪು ಹಾಕದೇ ಇರುವುದು ಅರ್ಥವಾಗದ ಸಂಗತಿ. ಡಾಂಬರಿಗೆ ಮೊದಲು ಅಲ್ಲಲ್ಲಿ 110 ಮಿ.ಮೀ. ಪೈಪು ಅಡ್ಡ ಹೂತು, ಎರಡೂ ತುದಿ ಮುಚ್ಚಿ, ಗುರುತುಕಲ್ಲು ನೆಟ್ಟರೆ ಮುಂದೆ ಹತ್ತು ಹೊಸ ಸಂಪರ್ಕ ಬಂದರೂ ರಸ್ತೆ ಅಗೆಯಬೇಕಿಲ್ಲ. ಮುಖ್ಯ ಲೈನು ರಸ್ತೆ ದಾಟುವಲ್ಲಿ ಕವಚವಾಗಿ ದಪ್ಪ ಕಾಂಕ್ರೀಟಿನ ಎನ್‌ಪಿ-4 ಹ್ಯೂಮ್ ಪೈಪು ಹಾಕಿದ್ದಾರೆ, ಅದಕ್ಕೆ ಪೂರ್ತಿ ಅಂಕ.

ಒತ್ತಡದ ಪರೀಕ್ಷೆ ಮಾಡಿದ್ದಾರೆ, ಅದೇ ದೊಡ್ಡದು. ಆದರೆ ನೀರು ತುಂಬಿಸಿದ ಗಂಟೆಯಲ್ಲೇ ಪಂಪ್ ಹೊಡೆದು, ಮುಳ್ಳು ಇಳಿದಾಗ ಸೋರಿಕೆ ಹುಡುಕಿ ಸುಸ್ತಾಗಿದ್ದಾರೆ. ಸಿಮೆಂಟ್ ಲೈನಿಂಗ್ ನೀರು ಹೀರುತ್ತದೆ, ಒಂದು ದಿನ ತುಂಬಿಸಿಟ್ಟು ಆಮೇಲೆ ಒತ್ತಡ ಕೊಡಬೇಕು. ನೀರನ್ನು ತಗ್ಗಿನ ತುದಿಯಿಂದ ನಿಧಾನವಾಗಿ ತುಂಬಿಸಿ, ಏರಿನ ನೆತ್ತಿಯಲ್ಲಿ ಗಾಳಿ ಬಿಡಬೇಕು. ಒತ್ತಡ ತೋರಿಸುವ ಗೇಜು ತಗ್ಗಿನಲ್ಲಿರಬೇಕು, ಏಕೆಂದರೆ 10 ಮೀಟರ್ ಎತ್ತರದ ವ್ಯತ್ಯಾಸಕ್ಕೆ ಒಂದು ಕೆ.ಜಿ. ಒತ್ತಡ ತಾನಾಗಿ ಕೂಡುತ್ತದೆ, ಸಿರಸಿಯ ಏರುತಗ್ಗಿಗೆ ಅದು ಸಣ್ಣ ಲೆಕ್ಕವಲ್ಲ. ಮುಚ್ಚಿದ ವಾಲ್ವನ್ನೇ ತುದಿಯೆಂದು ನಂಬಿ ಪರೀಕ್ಷಿಸಬಾರದು. ಹಳೆ ವಾಲ್ವ್ ಯಾವುದೂ ಪೂರ್ತಿ ಮುಚ್ಚುವುದಿಲ್ಲ.

ತೊಳೆಯುವ ಕೆಲಸಕ್ಕೆ ಬ್ಲೀಚಿಂಗ್ ಪೌಡರನ್ನು ಕಣ್ಣಂದಾಜಿಗೆ ಸುರಿದಿದ್ದಾರೆ. ಲೆಕ್ಕ ಸುಲಭ: 500 ಮೀಟರ್ ಲೈನಿನಲ್ಲಿ ಸುಮಾರು 16,000 ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ 800 ಗ್ರಾಂ. ಹೊಸ ಪೌಡರಿನಲ್ಲಿ ಮೂರನೇ ಒಂದು ಭಾಗ ಕ್ಲೋರಿನ್ ಇರುವುದರಿಂದ ಎರಡೂವರೆ ಕಿಲೋ, ನಮ್ಮ ಕಡೆಯ ತೇವದಲ್ಲಿ ಚೀಲ ಬಿಚ್ಚಿಟ್ಟ ಪೌಡರಾದರೆ ಮೂರೂವರೆ. ಬಕೆಟ್ಟಿನಲ್ಲಿ ಕದಡಿ, ತಿಳಿಯನ್ನು ಮಾತ್ರ ಲೈನಿಗೆ ಬಿಟ್ಟು, ಒಂದು ದಿನ ನಿಲ್ಲಿಸಿ, ವಾಸನೆ ಹೋಗುವವರೆಗೆ ಲೈನು ಖಾಲಿ ಮಾಡುವ ಸ್ಕೌರ್ ವಾಲ್ವಿನಿಂದ ಹೊರಬಿಡಬೇಕು. ಹೊರಬಿಡುವ ನೀರು ಯಾರ ಅಡಿಕೆ ತೋಟದ ಕಾಲುವೆಗೆ ಹೋಗುತ್ತದೆಂದು ಮೊದಲೇ ನೋಡಿಕೊಳ್ಳಿ.

ಸಮಯದ ಆಯ್ಕೆಗೆ ತಕರಾರಿಲ್ಲ. ನವೆಂಬರಿನಿಂದ ಮೇವರೆಗೆ ಬಿಟ್ಟರೆ ಇಲ್ಲಿ ಗುಂಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಫೆಬ್ರವರಿ, ಮಾರ್ಚಿನಲ್ಲಿ ಪೇಟೆಯ ಲೈನು ನಿಲ್ಲಿಸುವ ಮಾತೇ ಇಲ್ಲ, ಅಷ್ಟು ದಿನ ಅಂದಾಜಿನಿಂದ ಕಳೆಯಬೇಕು.

ಇದೇ ಗುತ್ತಿಗೆದಾರರಿಗೆ ಮುಂದಿನ ಭಾಗ ಕೊಡಬಹುದೇ? ಕೊಡಬಹುದು, ಬೆಂಡು ಮತ್ತು ಕೂಡಿಸುವ ಜಾಗಗಳನ್ನು ಎಂಜಿನಿಯರ್ ಕಣ್ಣಾರೆ ನೋಡದೆ ಮಣ್ಣು ಮುಚ್ಚಬಾರದೆಂಬ ಷರತ್ತಿನ ಮೇಲೆ. ವಾಲ್ವ್ ಚೇಂಬರುಗಳ ಮುಚ್ಚಳ ಹೊಸ ರಸ್ತೆಯ ಮಟ್ಟಕ್ಕೆ ಏರಿಸಿದ್ದು ನೋಡಿಯೇ ಕೊನೆಯ ಬಿಲ್ಲು ಪಾಸು ಮಾಡಬೇಕು, ಡಾಂಬರಿನಡಿ ಹೋದ ವಾಲ್ವ್ ಇದ್ದೂ ಇಲ್ಲದ ಹಾಗೆ. ಹಾಗೆಯೇ ಪೈಪಿನ ನಕ್ಷೆಯನ್ನು ಈಗ ವಿದ್ಯುತ್ ಕಂಬಗಳಿಂದ ಅಳೆದು ಬರೆದಿದ್ದಾರೆ. ಆ ಕಂಬಗಳೂ ಇದೇ ಅಗಲೀಕರಣದಲ್ಲಿ ಜಾಗ ಬದಲಿಸಲಿವೆ. ಅಳತೆಯನ್ನು ಮೋರಿಯ ಗೋಡೆಯಿಂದ ಮತ್ತೆ ಹಿಡಿಸಿ.