ಹವಾಮಾನ ಹಾನಿಯ ಬಿಲ್ಲು: ದಾವೆಯೋ, ಕಾನೂನೋ, ತೆರಿಗೆಯೋ?

ನೆರೆ, ಕಾಳ್ಗಿಚ್ಚಿನ ಖರ್ಚನ್ನು ತೈಲ, ಕಲ್ಲಿದ್ದಲು ಕಂಪನಿಗಳಿಂದ ವಸೂಲು ಮಾಡಲು ಯಾವ ದಾರಿ ಹಿಡಿಯುವುದು?

ದಾವೆ ನಿಧಾನ. ಪೆರುವಿನ ರೈತರೊಬ್ಬರು ಜರ್ಮನಿಯ ವಿದ್ಯುತ್ ಕಂಪನಿ ಆರ್‌ಡಬ್ಲ್ಯುಇ ವಿರುದ್ಧ 2015ರಲ್ಲಿ ಹೂಡಿದ ಮೊಕದ್ದಮೆ 2025ರ ಮೇ ತಿಂಗಳಲ್ಲಿ ವಜಾ ಆಯಿತು. ಅವರ ಮನೆಗೆ ಪ್ರವಾಹದ ಅಪಾಯ ಅಷ್ಟೇನೂ ಇಲ್ಲ ಎಂದಿತು ಹಾಮ್ ನಗರದ ನ್ಯಾಯಾಲಯ. ಆದರೆ ಇಂಥ ಕಂಪನಿಗಳನ್ನು ತಾತ್ವಿಕವಾಗಿ ಹೊಣೆ ಮಾಡಬಹುದು ಎಂದೂ ಹೇಳಿತು. ಅವರಿಗೆ ಬಿಡಿಗಾಸೂ ದಕ್ಕಲಿಲ್ಲ, ಮುಂದೆ ದಾವೆ ಹೂಡುವವರಿಗೊಂದು ಆಧಾರ ಸಿಕ್ಕಿತು.

ಹಳೆಯ ಹಾನಿಗೇ ದುಡ್ಡು ಬೇಕಾದರೆ ನನ್ನ ಮತ ಕಾನೂನಿಗೆ. ಅಮೆರಿಕದ ವರ್ಮಾಂಟ್, ನ್ಯೂಯಾರ್ಕ್ ರಾಜ್ಯಗಳು 2024ರಲ್ಲಿ ತಂದ ‘ಕ್ಲೈಮೇಟ್ ಸೂಪರ್‌ಫಂಡ್’ ಕಾಯ್ದೆಗಳು ನೂರು ಕೋಟಿ ಟನ್ ಮೀರಿ ಹಸಿರುಮನೆ ಅನಿಲಕ್ಕೆ ಕಾರಣವಾದ ಕಂಪನಿಗಳಿಗಷ್ಟೇ, ಪಾಲಿಗೆ ತಕ್ಕಂತೆ, ಬಿಲ್ಲು ಕಳಿಸುತ್ತವೆ. ನ್ಯೂಯಾರ್ಕ್‌ನ ಗುರಿ 25 ವರ್ಷಗಳಲ್ಲಿ 7,500 ಕೋಟಿ ಡಾಲರ್. ಹಿಂದೆ ಮಾರಿದ್ದಕ್ಕೆ ಈಗ ವಸೂಲಿಯಾದ್ದರಿಂದ, ಇಂದಿನ ಗ್ರಾಹಕರ ಮೇಲೆ ಅದನ್ನು ಹೊರಿಸುವುದು ಕಷ್ಟ ಎಂಬುದು ಬೆಂಬಲಿಗರ ವಾದ. ಕೋರ್ಟು ಮಾತ್ರ ಇಲ್ಲೂ ತಪ್ಪಿಲ್ಲ: ಎರಡೂ ಕಾಯ್ದೆಗಳನ್ನು ಪ್ರಶ್ನಿಸಿ ದಾವೆಗಳಾಗಿವೆ.

ಕಾರ್ಬನ್ ತೆರಿಗೆ ಸರಳ. ಸ್ವೀಡನ್‌ನಲ್ಲಿ 1991ರಿಂದಲೇ ಇದೆ. ಅದು ಮುಂದಿನ ಹೊಗೆಯನ್ನು ತಗ್ಗಿಸೀತು, ಹಿಂದಿನದರ ಲೆಕ್ಕ ಕೇಳದು. ಪೆಟ್ರೋಲ್ ಬಂಕಿನಲ್ಲಿ ಅದನ್ನು ಕಟ್ಟುವವರೂ ನಾವೇ.